ಆಘಾತ ‘ಹೊರಹಾಕಿಸುವ’ ಶಿಬಿರಗಳ ಮೇಲೆ ನಿಗಾ ಇರಲಿ

ಸಂಪಾದಕರೇ,

ಮಳೆ ಬಿಡುವು ಕೊಟ್ಟ ಕೂಡಲೇ ಕೊಡಗಿನ ಹೋಂಸ್ಟೇಗಳಲ್ಲಿ ನಡೆಯುವ ‘ಮನಸ್ಸಿನ ಗಾಯ ಮಾಯಿಸುವ’ ಶಿಬಿರಗಳ ಕರಪತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡತೊಡಗುತ್ತವೆ. ಶನಿವಾರ, ಭಾನುವಾರದ ಎರಡು ದಿನಕ್ಕೆ ಸಾವಿರಾರು ರೂಪಾಯಿ. ಉಸಿರಾಟ, ಬೆರಳಿನಿಂದ ಮುಖ, ಎದೆ ತಟ್ಟಿಕೊಳ್ಳುವ ‘ಟ್ಯಾಪಿಂಗ್’, ಪೂರ್ವಜನ್ಮ ದರ್ಶನ ಎಲ್ಲವೂ ಒಂದೇ ಕಡೆ. ಹಳೆಯ ನೋವನ್ನು ಬೇರುಸಹಿತ ಕಿತ್ತುಹಾಕುವ ಭರವಸೆ ಬೇರೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಬರೆ (ಗುಡ್ಡದ ಇಳಿಜಾರು) ಜರಿದಾಗ ನನ್ನ ನಾದಿನಿಯ ಮನೆ, ಕಾಫಿ ತೋಟ ಎರಡೂ ಹೋದವು. ಈಗ ಪುನರ್ವಸತಿ ಬಡಾವಣೆಯಲ್ಲಿ ಮನೆ ಸಿಕ್ಕಿದೆ. ಆದರೆ ಕಕ್ಕಡದ (ಆಟಿ ತಿಂಗಳ) ಮಳೆ ಹಿಡಿಯಿತೆಂದರೆ ಅವಳಿಗೆ ರಾತ್ರಿ ನಿದ್ದೆಯಿಲ್ಲ. ಪಾಸ್‌ಬುಕ್, ಆರ್‌ಟಿಸಿ, ಟಾರ್ಚ್ ತುಂಬಿದ ಚೀಲ ತಲೆದೆಸೆಯಲ್ಲೇ ಇರಬೇಕು. ಜೆಸಿಬಿ ಸದ್ದಿಗೂ ಬೆಚ್ಚಿಬೀಳುತ್ತಾಳೆ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಮಾತ್ರೆ, ಆಪ್ತಸಮಾಲೋಚಕಿಯ ಮಾತಿನಿಂದ ಬಹಳ ಮಟ್ಟಿಗೆ ಚೇತರಿಸಿಕೊಂಡಿದ್ದಳು. ಆ ಹೊತ್ತಿನಲ್ಲೇ ನೆಂಟರೊಬ್ಬರು ಅವಳನ್ನು ಇಂಥ ಶಿಬಿರಕ್ಕೆ ಕರೆದೊಯ್ದರು.

ಅಲ್ಲಿ ಅಪರಿಚಿತರ ನಡುವೆ ಕೂರಿಸಿ, ಕಣ್ಣು ಮುಚ್ಚಿಸಿ, ಆ ರಾತ್ರಿಯನ್ನು ಮತ್ತೆ ಕಣ್ಮುಂದೆ ತಂದುಕೊಂಡು ಗಟ್ಟಿಯಾಗಿ ಕೂಗು ಎಂದರಂತೆ. ಅವಳು ಬಿಕ್ಕಿ ಬಿಕ್ಕಿ ಅತ್ತಾಗ ‘ಬಿಡುಗಡೆ ಆಯಿತು’ ಎಂದು ಚಪ್ಪಾಳೆ ತಟ್ಟಿದರು. ಮಾತ್ರೆ ದೇಹದ ಶಕ್ತಿಗೆ ಅಡ್ಡಿ, ಬಿಟ್ಟುಬಿಡು ಎಂದೂ ಹೇಳಿದರು. ಭಾನುವಾರ ಸಂಜೆ ಗಂಟುಮೂಟೆ ಕಟ್ಟಿ ಹೊರಟೂಹೋದರು. ಆಮೇಲಿನ ವಾರಗಳನ್ನು ಕಂಡವರು ನಾವು. ಮಾತ್ರೆ ಏಕಾಏಕಿ ನಿಲ್ಲಿಸಿದ್ದರಿಂದ ತಲೆಸುತ್ತು, ಊಟ ಸೇರದು, ಮಾತಿಲ್ಲ. ಆಯೋಜಕರಿಗೆ ಫೋನ್ ಮಾಡಿದರೆ, ‘ಇದು ಒಳ್ಳೆಯ ಲಕ್ಷಣ, ಮುಂದಿನ ಹಂತದ ಶಿಬಿರಕ್ಕೆ ಸೇರಿಸಿ’ ಎಂಬ ಉತ್ತರ.

ಪರ್ಯಾಯ ಪದ್ಧತಿಗಳೆಲ್ಲ ಮೋಸ ಎನ್ನುತ್ತಿಲ್ಲ. ನಾದಿನಿ ಈಗಲೂ ಮಳೆಯ ರಾತ್ರಿ ಭ್ರಾಮರಿ ಪ್ರಾಣಾಯಾಮ ಮಾಡುತ್ತಾಳೆ, ಅದರಿಂದ ಅವಳ ಎದೆಬಡಿತ ಇಳಿಯುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನಿಮ್ಹಾನ್ಸ್‌ನಲ್ಲೂ ಚಿಕಿತ್ಸೆಯ ಜೊತೆಗೆ ಯೋಗವನ್ನು ಬಳಸುತ್ತಾರೆ. ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತಾ ಕಹಿ ನೆನಪನ್ನು ಎದುರಿಸುವ ಇಎಂಡಿಆರ್ ಪದ್ಧತಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ 1980ರ ದಶಕದ ಕೊನೆಯಲ್ಲಿ ರೂಪಿಸಿದಾಗ ಅನುಮಾನಪಟ್ಟವರೇ ಹೆಚ್ಚು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಮಾರ್ಗಸೂಚಿಗೆ ಸೇರಿಸಿತು. ಆದರೆ ಅದರಲ್ಲಿ ಮೊದಲು ಮನಸ್ಸನ್ನು ಸ್ಥಿಮಿತಕ್ಕೆ ತಂದುಕೊಳ್ಳಲು ಕಲಿಸುತ್ತಾರೆ, ನೆನಪಿಗೆ ಕೈಹಾಕುವುದು ಆಮೇಲೆ. ತಾಳಲಾಗದಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ದುರಂತ ಕಂಡವರನ್ನು ಒಮ್ಮೆ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸಿ ಕಳಿಸುವುದು ಸಲ್ಲದು ಎಂದೂ ಅದೇ ಸಂಸ್ಥೆ ಹೇಳಿದೆ. ಹೊಲಿಗೆ ಬಿಚ್ಚಿದವರು ಗಾಯ ಮಾಯುವವರೆಗೂ ಜೊತೆಗಿರಬೇಡವೇ?

ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಬೇಕು. ಆದ್ದರಿಂದ ಅಲ್ಲಿ ಇಂಥ ಶಿಬಿರ ನಡೆಸುವವರ ವಿವರವನ್ನು ಜಿಲ್ಲಾ ಆರೋಗ್ಯಾಧಿಕಾರಿ ಮೊದಲೇ ಪಡೆಯುವುದು ಕಷ್ಟವೇನಲ್ಲ. ಚಿಕಿತ್ಸಾ ಮನೋವಿಜ್ಞಾನಿ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಅದರ ಸಂಖ್ಯೆಯನ್ನು ಕರಪತ್ರದಲ್ಲೇ ಹಾಕಿಸಲಿ. ವೈದ್ಯರನ್ನು ಕೇಳದೆ ಮಾತ್ರೆ ಬಿಡಿಸುವವರ ಮೇಲೆ ಕ್ರಮ ಜರುಗಿಸಲಿ.

ಜನ ಅಲ್ಲಿಗೆ ಹೋಗುವುದಾದರೂ ಏಕೆ? ಕೇಳುವವರು ಬೇರೆ ಯಾರೂ ಬಾಗಿಲಿಗೆ ಬರುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಕಾರ್ಯಕ್ರಮ 2014ರಲ್ಲೇ ಶುರುವಾಗಿದೆ. ಕನ್ನಡದಲ್ಲೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ. ನಮ್ಮ ಬಡಾವಣೆಯಲ್ಲಿ ಎರಡನ್ನೂ ಬಲ್ಲವರು ವಿರಳ. ಮುಂದಿನ ಜೂನ್‌ಗೆ ಮುಂಚೆ ಕರ್ಣಂಗೇರಿ, ಜಂಬೂರು, ಮದೆನಾಡಿನ ಪುನರ್ವಸತಿ ಮನೆಗಳಿಗೆ ಆಪ್ತಸಮಾಲೋಚಕರನ್ನು ಆಶಾ ಕಾರ್ಯಕರ್ತೆಯರ ಜೊತೆ ಕಳಿಸಿ, ಆ ನಂಬರನ್ನು ಅಂಗನವಾಡಿ, ನ್ಯಾಯಬೆಲೆ ಅಂಗಡಿಯ ಗೋಡೆಗಳ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಮಡಿಕೇರಿ ತಾಲ್ಲೂಕು