ವಾರ್ಡಲ್ಲಿರುವ ಹೆಂಗಸರ ಮಾತೂ ಕೇಳಿ

ಸಂಪಾದಕರಿಗೆ ನಮಸ್ಕಾರ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವ್ರು ಎದೆನೋವು ಅಂದ್ರೆ ಸೀದಾ ಮಂಗಳೂರಿಗೆ ಓಡ್ತೇವೆ, ಅಡ್ಮಿಟ್ ಆದ್ಮೇಲೆ ಇನ್ನು ಹೆದರಿಕೆ ಇಲ್ಲ ಅಂದ್ಕೊಳ್ತೇವೆ, ಆದ್ರೆ ವಾರ್ಡಲ್ಲಿ ಮಲಗಿದ್ದಾಗ್ಲೂ ಹೃದಯ ನಿಂತುಹೋಗುದುಂಟು. ಗಂಡಸರಿಗೆ ಹೋಲಿಸಿದ್ರೆ ಹೆಂಗಸರಲ್ಲಿ ಎದೆಗೆ ಕರೆಂಟ್ ಶಾಕ್ ಕೊಟ್ರೂ ಪ್ರಯೋಜನ ಆಗದ ಥರ ಹೃದಯ ನಿಲ್ಲುದು ಜಾಸ್ತಿ, ಆಗ ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುದು, ಅಡ್ರಿನಲಿನ್ ಇಂಜೆಕ್ಷನ್, ಮೂಲಕಾರಣ ಹುಡುಕುದು, ಇದೇ ದಾರಿ. ಹಾಗಾಗಿ ಹೃದಯ ನಿಲ್ಲುವ ಮೊದ್ಲೇ ಅಪಾಯ ಗೊತ್ತಾಗ್ಬೇಕಲ್ಲ? ಉಸಿರು ಕಟ್ತದೆ, ವಾಕರಿಕೆ ಬರ್ತದೆ ಅಂತ ಹೆಂಗಸರು ಹೇಳಿದ್ರೆ ಗ್ಯಾಸು, ಟೆನ್ಶನ್ನು ಅಂತ ತಳ್ಳಿಬಿಡ್ತಾರೆ (ಜೊತೆಗಿರುವ ನಾವೂ ಸೋಡಾ ತರ್ಲಿಕ್ಕೆ ಹೊರಡ್ತೇವೆ ಬಿಡಿ). ರಾತ್ರಿ ಪಾಳಿಯಲ್ಲೂ ಬಿಪಿ, ಉಸಿರಾಟದ ಲೆಕ್ಕ ತಪ್ಪದೆ ನೋಡ್ಲಿ. ಮತ್ತೆ ಕಾಸರಗೋಡಿನ ಆಸ್ಪತ್ರೆಗಳಲ್ಲಿ ಮಲಯಾಳ ಬಾರದ ಅಜ್ಜಿಯಂದಿರ ಸಂಕಟ ಕೇಳ್ಲಿಕ್ಕೆ ಕನ್ನಡ ಗೊತ್ತಿರುವ ಒಬ್ರಾದ್ರೂ ನರ್ಸ್ ಪ್ರತಿ ಪಾಳಿಯಲ್ಲಿ ಇರ್ಲಿ.

– ಓದುಗ, ಕುಂಬಳೆ