ಮತ್ತೆ ಯಾವಾಗ ಬರಬೇಕು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮ್ಮಣ್ಣನಿಗೆ 52 ವರ್ಷ ಇದ್ದಾಗ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳಿನ ಒಳಗನ್ನು ನೋಡುವ ಪರೀಕ್ಷೆ ಮಾಡಿದರು. ದೊಡ್ಡ ಕರುಳಿನಲ್ಲಿ 12 ಮಿಲಿಮೀಟರಿನ ಒಂದು ಪಾಲಿಪ್, ಅಂದರೆ ಕರುಳಿನ ಒಳಗೋಡೆಯ ಮೇಲೆ ಬೆಳೆದ ಗಂಟು ಸಿಕ್ಕಿತು. ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಜಾತಿಯದು. ಅಲ್ಲೇ ತೆಗೆದು ಹಾಕಿದರು. ಸದ್ಯ ಬಚಾವ್ ಅಂದುಕೊಂಡೆವು. ರಿಪೋರ್ಟು ಪ್ಲಾಸ್ಟಿಕ್ ಕವರಿನೊಳಗೆ ಬೀರು ಸೇರಿತು.

ಆರು ವರ್ಷದ ಮೇಲೆ ಮಲದಲ್ಲಿ ರಕ್ತ ಕಂಡಿತು. ಮೂಲವ್ಯಾಧಿ ಇರಬೇಕು ಅಂತ ಅವನು ಮೂರು ತಿಂಗಳು ಸುಮ್ನೆ ಕಳೆದ. ಅದು ಕ್ಯಾನ್ಸರ್ ಆಗಿತ್ತು. ಹಳೇ ರಿಪೋರ್ಟು ಹುಡುಕಿ ತೆಗೆದರೆ ಎರಡನೇ ಪುಟದ ಕೊನೆಯಲ್ಲಿ, ಸಹಿಯ ಕೆಳಗೆ ಅರ್ಧ ಮುಚ್ಚಿಹೋದ ಒಂದು ಸಾಲು: ಮೂರು ವರ್ಷದ ನಂತರ ಮರುಪರೀಕ್ಷೆ.

ಯಾರೂ ತಪ್ಪು ಬರೆದಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಕರುಳನ್ನು ಎಷ್ಟು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು ಅನ್ನುವುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ತೊಂದರೆ ಇರುವುದೇ ಇಲ್ಲಿ. ಯಾವ ಲಕ್ಷಣವೂ ಇಲ್ಲದ, ಮನೆತನದಲ್ಲಿ ಈ ರೋಗ ಕಾಣದ ಮನುಷ್ಯನಿಗೆ ಕೊಲೊನೋಸ್ಕೋಪಿಯಲ್ಲಿ ಏನೂ ಸಿಗದಿದ್ದರೆ ಹತ್ತು ವರ್ಷ ನಿಶ್ಚಿಂತೆ. ಪಾಲಿಪ್ ನಿಧಾನದ ಪ್ರಾಣಿ. ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ಆದರೆ ಅಣ್ಣನದರ ಹಾಗೆ 10 ಮಿಲಿಮೀಟರ್ ದಾಟಿದ್ದು ಸಿಕ್ಕರೆ ಮೂರು ವರ್ಷಕ್ಕೇ ಮತ್ತೆ ನೋಡಬೇಕು. ಸಣ್ಣವು ಒಂದೆರಡಿದ್ದರೆ ಏಳರಿಂದ ಹತ್ತು ವರ್ಷ ಕಾಯಬಹುದು.

ಕೊಲೊನೋಸ್ಕೋಪಿ ಅಂದರೆ ಹೆದರುವವರೇ ಜಾಸ್ತಿ. ಅಂಥವರಿಗೆ ಮಲ ಪರೀಕ್ಷೆ ಇದೆ. ಸಣ್ಣ ಕಡ್ಡಿಯಿಂದ ಮಲವನ್ನು ಅಲ್ಲಲ್ಲಿ ಕೆರೆದು, ಕೊಳವೆಯಲ್ಲಿಟ್ಟು ಮುಚ್ಚಳ ಹಾಕಿ ಕೊಟ್ಟರಾಯಿತು. ಪಥ್ಯ ಬೇಡ, ರಜೆ ಬೇಡ. ಕಣ್ಣಿಗೆ ಕಾಣದಷ್ಟು ರಕ್ತವನ್ನೂ ಅದು ಹಿಡಿಯುತ್ತದೆ. ಆದರೆ ಒಮ್ಮೆ ಮಾಡಿ ಮರೆತರೆ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ, ಕೆಲವು ದೇಶಗಳಲ್ಲಿ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು. ರಕ್ತ ಇದೆ ಎಂದು ಬಂದರೆ ಕೊಲೊನೋಸ್ಕೋಪಿ ಆಗಲೇಬೇಕು. ಇನ್ನೊಂದು ಸಲ ಮಲ ಪರೀಕ್ಷೆಯನ್ನೇ ಮಾಡಿಸಿ, ಏನೂ ಇಲ್ಲ ಅಂತ ಬಂದರೆ ಸಮಾಧಾನ ಪಟ್ಟುಕೊಳ್ಳುವುದು ಮೋಸ ಹೋದ ಹಾಗೆ.

ಶುರು ಮಾಡುವ ವಯಸ್ಸೂ ಬದಲಾಗುತ್ತಿದೆ. ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಅದನ್ನು 50ರಿಂದ 45ಕ್ಕೆ ಇಳಿಸಿತು.

ಈಗ ನನ್ನ ವಿಷಯ. ಒಡಹುಟ್ಟಿದವರಿಗೋ ಹೆತ್ತವರಿಗೋ 60ಕ್ಕೂ ಮೊದಲು ಈ ಕ್ಯಾನ್ಸರ್ ಬಂದಿದ್ದರೆ, 40ಕ್ಕೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಶುರು ಮಾಡಿ ಐದು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಬೇಕು. ಅಣ್ಣನ ಜೊತೆ ಎಷ್ಟು ಸಲ ಆಸ್ಪತ್ರೆಗೆ ಹೋಗಿದ್ದೇನೋ ಲೆಕ್ಕವಿಲ್ಲ. ಆಗಲೇ ನನಗೆ 54. ‘ನೀವೂ ಮಾಡಿಸಿದ್ದೀರಾ?’ ಅಂತ ಒಬ್ಬರೂ ಕೇಳಲಿಲ್ಲ.

ಹೊಸ ಯಂತ್ರ ಕೊಡಿಸಿ, ಕಟ್ಟಡ ಕಟ್ಟಿಸಿ ಅಂತ ನಾನು ಕೇಳುತ್ತಿಲ್ಲ. ಪ್ರತಿ ರಿಪೋರ್ಟಿನ ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಮುಂದಿನ ಪರೀಕ್ಷೆಯ ತಿಂಗಳು ಮತ್ತು ವರ್ಷ ಇರಬೇಕೆಂದು ಆದೇಶ ಮಾಡಿ. ಆ ದಿನ ಹತ್ತಿರ ಬಂದಾಗ ಇಲಾಖೆಯಿಂದಲೇ ಒಂದು ಮೆಸೇಜ್ ಹೋಗಲಿ. ಕ್ಯಾನ್ಸರ್ ಪತ್ತೆಯಾದವರ ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರನ್ನೂ ಕರೆಸಿ ಹೇಳಲಿ.

ಹೋದ ತಿಂಗಳು ನಾನೂ ಮಾಡಿಸಿದೆ. ಹಿಂದಿನ ರಾತ್ರಿ ಹೊಟ್ಟೆ ಖಾಲಿ ಮಾಡಲು ಆ ಉಪ್ಪುಪ್ಪು ದ್ರಾವಣ ಕುಡಿಯುವುದೇ ಕಷ್ಟ. ಪರೀಕ್ಷೆ ಅದರ ಮುಂದೆ ಏನೂ ಅಲ್ಲ. ಏನೂ ಸಿಗಲಿಲ್ಲ. ಮುಂದಿನದು ಐದು ವರ್ಷಕ್ಕೆ. ಗುರುತು ಹಾಕಿಡೋಣ ಎಂದರೆ ಐದು ವರ್ಷದ ಕ್ಯಾಲೆಂಡರ್ ಯಾರೂ ಅಚ್ಚು ಹಾಕುವುದಿಲ್ಲ ಅಲ್ವಾ? ನಿಮ್ಮ ಮೆಸೇಜಿಗೆ ಕಾಯುತ್ತಿರುತ್ತೇನೆ.

ಇಂತಿ,
ಒಬ್ಬ ತಂಗಿ