ವರ್ಜೀನಿಯಾದ ಇಟ್ಟಿಗೆ ಮನೆ: ಅಪ್ಪನಿಗೊಂದು ಪತ್ರ

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಾನು ಕ್ಷೇಮ. ನೀವೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಕಳೆದ ಭಾನುವಾರ ಇಲ್ಲಿನ ಸರ್ರಿ ಕೌಂಟಿಯಲ್ಲಿ ಒಂದು ಹಳೇ ಇಟ್ಟಿಗೆ ಮನೆ ನೋಡಿಬಂದೆ. ಗೋಡೆ ಮುಂದೆ ನಿಂತಷ್ಟು ಹೊತ್ತೂ ನಿಮ್ಮದೇ ನೆನಪು. ನಲವತ್ತು ವರ್ಷ ಕರಣೆ ಹಿಡಿದ ನಿಮ್ಮ ಕಣ್ಣಿಗೆ ಇನ್ನೆಷ್ಟು ಕಾಣುತ್ತಿತ್ತೋ!

ಹೆಸರು ಬೇಕನ್ಸ್ ಕ್ಯಾಸಲ್. ಕೋಟೆಯೇನಲ್ಲ, ಆರ್ಥರ್ ಅಲೆನ್ ಎಂಬ ಸಿರಿವಂತ 1665ರಲ್ಲಿ ಕಟ್ಟಿಸಿದ ವಾಸದ ಮನೆ. ಆಗ ಈ ಕಡೆ ಹೆಚ್ಚಿನವರು ಮರದ ಕಂಬಗಳನ್ನು ನೇರ ಮಣ್ಣಲ್ಲೇ ಹೂತು ಮನೆ ಕಟ್ಟುತ್ತಿದ್ದರು. ಬುಡ ಕೊಳೆತು ಕೆಲವೇ ದಶಕಗಳಲ್ಲಿ ಮನೆಯೇ ಕುಸಿಯುತ್ತಿತ್ತು. ಅಂಥ ಊರಲ್ಲಿ ಇದನ್ನು ಜನ ‘ಅಲೆನ್‌ನ ಇಟ್ಟಿಗೆ ಮನೆ’ ಎಂದು ಕರೆದದ್ದು ಸಹಜವೇ.

ಹತ್ತಿರ ಹೋಗಿ ವರಸೆ ಎಣಿಸಿದೆ. ಒಂದು ವರಸೆಯಲ್ಲಿ ಇಟ್ಟಿಗೆಯ ಉದ್ದನೆಯ ಬದಿ, ಅದರ ಮೇಲಿನದರಲ್ಲಿ ಬರೀ ಗಿಡ್ಡ ತಲೆ. ನೀವು ಕಲಿಸಿದ ಅದೇ ಇಂಗ್ಲಿಷ್ ಬಾಂಡ್ ಜೋಡಣೆ! ಸಂದಿನ ಮೇಲೆ ಸಂದು ಬಿದ್ದಿಲ್ಲ. ಗಾರೆಗೆ ಈ ಸೀಮೆಯಲ್ಲಿ ಸಿಂಪಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು.

ಮುಂದೆ ಬಾಗಿಲ ಗೋಪುರ, ಹಿಂದೆ ಮೆಟ್ಟಿಲ ಗೋಪುರ, ಮೇಲಿಂದ ನೋಡಿದರೆ ಶಿಲುಬೆಯ ಆಕಾರ. ಎರಡೂ ಪಕ್ಕದ ಗೋಡೆಗಳು ಬರೀ ತ್ರಿಕೋನವಾಗಿ ಮುಗಿಯದೆ ಬಳುಕುತ್ತಾ, ಅಲ್ಲಲ್ಲಿ ಮೆಟ್ಟಿಲಾಗುತ್ತಾ ಮೇಲೇರುತ್ತವೆ. ಬಳುಕಿದ ಅಂಚಿಗೂ ಇಟ್ಟಿಗೆಯನ್ನೇ ಹೊಂದಿಸಿದ್ದಾರೆ.

ಹೆಸರಿನ ಸಂಗತಿ ಕೇಳಿ ಮನಸ್ಸಿಗೆ ಬೇಸರವಾಯಿತು. 1676ರಲ್ಲಿ ನಥಾನಿಯಲ್ ಬೇಕನ್ ಎಂಬುವನು ವರ್ಜೀನಿಯಾದ ಗವರ್ನರ್ ವಿರುದ್ಧ ದಂಗೆ ಎದ್ದಾಗ ಅವನ ಕಡೆಯವರು ಈ ಮನೆ ಹಿಡಿದುಕೊಂಡು ತಿಂಗಳುಗಟ್ಟಲೆ ಕೂತಿದ್ದರು. ಬೇಕನ್ ಇಲ್ಲಿ ವಾಸವೇ ಮಾಡಿದವನಲ್ಲ. ಆ ಅಕ್ಟೋಬರಿನಲ್ಲೇ ಕಾಯಿಲೆಯಿಂದ ಸತ್ತ. ಆದರೂ ಮನೆಗೆ ಅವನ ಹೆಸರೇ ನಿಂತಿತು. ಮಣ್ಣು ತುಳಿದು, ಇಟ್ಟಿಗೆ ಸುಟ್ಟು, ಗೋಡೆ ಎಬ್ಬಿಸಿದವರ ಹೆಸರು ಫಲಕದಲ್ಲಿ ಹುಡುಕಿದೆ, ಸಿಗಲಿಲ್ಲ. ಅಂಗಳದಾಚೆ 1829ರ ಮರದ ಮನೆಯೊಂದಿದೆ, ಗುಲಾಮರನ್ನು ಇರಿಸುತ್ತಿದ್ದದ್ದು. ಅಲ್ಲಿಯೂ ಸ್ವಲ್ಪ ಹೊತ್ತು ನಿಂತೆ.

ಚಿಮಣಿಯ ಫೋಟೋ ಜೊತೆಗಿಟ್ಟಿದ್ದೇನೆ. ಕೆಳಗೆ ಒಂದೇ ದಪ್ಪ ಗೋಡೆ, ಮೇಲೆ ಮೂರು ಚಿಮಣಿ. ಮೂರನ್ನೂ ಮೂಲೆ ಮುಂದೆ ಬರುವಂತೆ ತಿರುಗಿಸಿ ಎಬ್ಬಿಸಿದ್ದಾರೆ. ಆ ತಿರುವಿನಲ್ಲಿ ಮೊದಲ ವರಸೆ ಹೇಗೆ ಕೂರಿಸಿರಬಹುದು? ಅಮ್ಮನ ಕನ್ನಡಕ ಹಾಕಿಕೊಂಡಾದರೂ ನೋಡಿ, ಫೋನಿನಲ್ಲಿ ಹೇಳಿ.

ನಿಮ್ಮ ಮಗಳು